ತನ್ವಿಯೂ ಅತ್ತೆಯ ಕಣ್ಣೂ

ಜೂನ್ ೩, ಮಂಗಳವಾರ

ತನ್ವಿ ಮುಗಿದಳು. ಐದು ವರ್ಷ, ಕಾಗುಣಿತ ಒತ್ತಕ್ಷರ ಎಲ್ಲ ಸೇರಿ ಆರುನೂರ ಹನ್ನೆರಡು ಆಕಾರ, ಎರಡು ಕನ್ನಡಕ, ಒಂದು ಕುರ್ಚಿ. ಕುರ್ಚಿ ಮುರಿದದ್ದು ನನ್ನ ಭಾರಕ್ಕೆ. ತೊಂಬತ್ತೆರಡು ಕಿಲೋ ತೂಗುವ ಗಂಡಸು ತಾನು ಬರೆದ ಫಾಂಟಿಗೆ ‘ತನ್ವಿ’, ಅಂದರೆ ತೆಳ್ಳಗಿನ ಚೆಲುವೆ, ಅಂತ ಹೆಸರಿಡುವುದಕ್ಕೆ ಧೈರ್ಯ ಬೇಕು. ನನಗಿದೆ.

ಇವತ್ತು ‘ಳ’ದ ಬಾಲವನ್ನು ಕೊನೆಯ ಸಲ ತೆಳುಮಾಡಿದೆ. ಅಕ್ಷರದ ಹೊಟ್ಟೆ ದಪ್ಪ, ಹೊಟ್ಟೆಯಿಂದ ತಲೆಕಟ್ಟಿಗೆ ಏರುವ ತಿರುವು ಕೂದಲೆಳೆ, ಗೆರೆ ಮುಗಿಯುವಲ್ಲಿ ಗುಬ್ಬಿಯ ಉಗುರಿನಂಥ ಚೂಪು ಪಾದ. ಇಂಗ್ಲಿಷ್ ಫ್ಯಾಷನ್ ಪತ್ರಿಕೆಗಳ ಹೆಸರಿಗೆ ಒಂದು ಠೀವಿ ಇರುತ್ತದಲ್ಲ, ಅದು ನಮ್ಮ ಅಕ್ಷರಕ್ಕೂ ಬರಬೇಕು ಅನ್ನುವುದು ನನ್ನ ಹಟವಾಗಿತ್ತು. ಪರದೆಯ ಮೇಲೆ ನಾಲ್ಕು ಪಟ್ಟು ಹಿಗ್ಗಿಸಿ ನೋಡಿದೆ. ನನ್ನ ದೃಷ್ಟಿಯೇ ತಾಗೀತು ಅನ್ನಿಸಿ ಪರದೆ ಆರಿಸಿದೆ.

ಹೆಂಡತಿಗೆ ಫೋನ್ ಮಾಡಿ ಹೇಳಿದೆ. ಅವಳು ಸೇತುವೆ ಕಟ್ಟುವ ಎಂಜಿನಿಯರ್. ಇನ್ನು ನಾಲ್ಕು ತಿಂಗಳು ನದಿ ದಂಡೆಯ ತಗಡಿನ ಶೆಡ್ಡಿನಲ್ಲಿ ವಾಸ. “ಒಳ್ಳೇದಾಯ್ತು. ಅಮ್ಮ ನಾಡಿದ್ದು ಬರ್ತಾರೆ. ಹಿಂದಿನ ರೂಮಲ್ಲಿರೋ ನಿನ್ನ ಕಾಗದದ ರಾಶಿ ತೆಗಿ” ಅಂದಳು.

ಐದು ವರ್ಷದ ತಪಸ್ಸಿಗೆ ಸಿಕ್ಕ ವರ ಇದು.

ಜೂನ್ ೫, ಗುರುವಾರ

ಅತ್ತೆ ಬಂದರು. ಒಂದು ಪೆಟ್ಟಿಗೆ, ಒಂದು ಭೂತಗನ್ನಡಿ, ಎಪ್ಪತ್ತಮೂರು ವರ್ಷ. ಅಚ್ಚುಮನೆಯಲ್ಲಿ ನಲವತ್ತು ವರ್ಷ ಪ್ರೂಫ್ ತಿದ್ದಿದವರು. ನಾವು ಮಾತಾಡುವಾಗಲೂ ಮಾತಿನಲ್ಲಿ ಅಲ್ಪವಿರಾಮ ಎಲ್ಲಿ ತಪ್ಪಿತು ಅಂತ ಅವರು ನೋಡುತ್ತಿದ್ದಾರೆ ಅನ್ನಿಸುತ್ತದೆ. ಈಗ ಎರಡೂ ಕಣ್ಣಿನ ಪರದೆ ನಡುಭಾಗದಲ್ಲಿ ಸವೆಯುತ್ತಿದೆ. ಅದು ಇನ್ನಷ್ಟು ಸವೆಯದಿರಲಿ ಅಂತ ತಿಂಗಳಿಗೊಮ್ಮೆ ಕಣ್ಣೊಳಗೇ ಇಂಜೆಕ್ಷನ್. ದೊಡ್ಡ ಕಣ್ಣಾಸ್ಪತ್ರೆ ಇರುವುದು ನಮ್ಮ ಬಡಾವಣೆಯ ಹತ್ತಿರ. ಕರೆದುಕೊಂಡು ಹೋಗಿ ಬರುವುದು ನನ್ನ ಪಾಲು.

ಬಾಗಿಲಲ್ಲಿ ನಿಂತು ನನ್ನ ಹೆಸರಿನ ಫಲಕಕ್ಕೆ ಮೂಗು ತಾಗಿಸಿ ನೋಡಿದರು. “ಅಳಿಯಂದಿರೇ, ಇಲ್ಲೊಂದು ಕೊಂಬು ಬಿದ್ದುಹೋಗಿದೆ.”

ಬಿದ್ದಿರಲಿಲ್ಲ. ಅದು ತನ್ವಿಯ ಕೊಂಬು, ತೆಳ್ಳಗಿದೆ ಅಷ್ಟೆ. ಮುಗುಳ್ನಕ್ಕು ಸುಮ್ಮನಾದೆ. ಸಹನೆ ನನ್ನ ದೊಡ್ಡ ಗುಣ. ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ ನಾನೇ ಬರೆದಿಡುತ್ತೇನೆ.

ಜೂನ್ ೧೪, ಶನಿವಾರ

ತಪ್ಪು ಮಾಡಿದೆ. ತನ್ವಿಯಲ್ಲಿ ಒಂದು ಪುಟ ಅಚ್ಚುಹಾಕಿಸಿ ಅತ್ತೆಯ ಕೈಗೆ ಕೊಟ್ಟೆ. ಮೆಚ್ಚುಗೆಯ ಹಸಿವು ಮನುಷ್ಯನನ್ನು ಎಲ್ಲಿಗೆ ಬೇಕಾದರೂ ಎಳೆದೊಯ್ಯುತ್ತದೆ, ಅತ್ತೆಯ ತನಕ.

ಅವರು ಕಿಟಕಿಯ ಹತ್ತಿರ ಕೂತು, ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು, ಭೂತಗನ್ನಡಿಯನ್ನು ಎಡಕ್ಕೆ ಬಲಕ್ಕೆ ಆಡಿಸಿ ನೋಡಿದರು. ನಾನು ಕೈಕಟ್ಟಿ ನಿಂತಿದ್ದೆ, ಪರೀಕ್ಷೆ ಬರೆದ ಹುಡುಗನ ಹಾಗೆ.

“ಯಾರೋ ಬೇಲಿ ಹಾಕಿದ್ದಾರೆ” ಅಂದರು. “ಗೂಟ ಕಾಣ್ತಿದೆ. ತಂತಿ ಕಟ್ಟೋದು ಮರೆತಿದ್ದಾರೆ.”

“ಅತ್ತೆ, ಅದು ಶೈಲಿ. ದಪ್ಪಕ್ಕೂ ತೆಳುವಿಗೂ ಇರೋ ಅಂತರದಲ್ಲೇ ಅದರ ಸೌಂದರ್ಯ ಇರೋದು.”

“ಇರಬಹುದಪ್ಪ. ಈ ಅಕ್ಷರ ದನವೋ ಧನವೋ ಹೇಳಿಬಿಡಿ. ಮುಂದಕ್ಕೆ ಓದ್ತೀನಿ.”

ಧನ. ‘ಧ’ದ ಕೆಳಗಿನ ಸೀಳು ಅಷ್ಟು ನಾಜೂಕಾಗಿ ಬರಬೇಕೆಂದು ನಾನು ಎರಡು ವಾರ ಕೂತಿದ್ದೇನೆ. ಎರಡು ವಾರ ಕೂತು ಧನವನ್ನು ದನ ಮಾಡಿದ್ದೇನೆ ಅನ್ನುವುದು ಅವರ ತೀರ್ಪು. ಕಣ್ಣು ಸರಿಯಿಲ್ಲದವರ ಅಭಿಪ್ರಾಯವನ್ನು ಎಷ್ಟು ತೂಕಕ್ಕೆ ತೆಗೆದುಕೊಳ್ಳಬೇಕು? ಚಹಾದಲ್ಲಿ ಸಕ್ಕರೆ ಕಡಿಮೆ ಹಾಕಿ ಸೇಡು ತೀರಿಸಿಕೊಂಡೆ. ಅವರು “ಇವತ್ತು ಹದವಾಗಿದೆ” ಅಂದರು.

ಜೂನ್ ೨೭, ಶುಕ್ರವಾರ

ಕಣ್ಣಾಸ್ಪತ್ರೆಯವರು ತನ್ವಿಯನ್ನು ಒಪ್ಪಿಕೊಂಡಿದ್ದಾರೆ! ಬೋರ್ಡು, ಫಾರಂ, ರೋಗಿಗಳಿಗೆ ಕೊಡುವ ಸೂಚನೆ ಹಾಳೆ, ಎಲ್ಲದಕ್ಕೂ. ಅಲ್ಲಿಯ ಆಡಳಿತಾಧಿಕಾರಿ ಒಂದು ಒಡವೆ ಅಂಗಡಿಯ ಜಾಹೀರಾತಿನಲ್ಲಿ ನೋಡಿ ಮರುಳಾದರಂತೆ. “ನಮ್ಮ ಆಸ್ಪತ್ರೆ ಒಳಗೆ ಬಂದರೆ ಒಳ್ಳೇ ಹೋಟೆಲಿಗೆ ಬಂದ ಹಾಗಿರಬೇಕು” ಅಂದರು. ಅಂಕಿಗಳೂ ನನ್ನವೇ ಬೇಕಂತೆ, ಕನ್ನಡದ ಅಂಕಿಗಳೇ.

ಅತ್ತೆಗೆ ಹೇಳಿದೆ.

“ಕಣ್ಣಾಸ್ಪತ್ರೆಗಾ?”

“ಹೌದು.”

“ಕಿವಿ ಆಸ್ಪತ್ರೆಗೇನೋ, ನಂಗೆ ತಪ್ಪಾಗಿ ಕೇಳಿಸ್ತೇನೋ ಅಂದ್ಕೊಂಡೆ.”

ಜುಲೈ ೯, ಬುಧವಾರ

ಆಸ್ಪತ್ರೆಯಿಂದ ಸೂಚನೆ ಹಾಳೆ ನೋಡಲು ಕಳಿಸಿದ್ದರು. ಪರದೆಯಲ್ಲಿ ಹಿಗ್ಗಿಸಿ ನೋಡಿದೆ. ರಾಣಿಯ ಹಾಗಿದೆ. ‘ಎಲ್ಲ ಸರಿ’ ಅಂತ ಬರೆದು ಕಳಿಸಿದೆ. ಹತ್ತು ನಿಮಿಷದ ಕೆಲಸ.

ಇನ್ನೊಂದು ಸುದ್ದಿ: ವಿನ್ಯಾಸಕಾರರ ಸಂಘದ ಈ ವರ್ಷದ ಪ್ರಶಸ್ತಿ ತನ್ವಿಗೆ. ಇಪ್ಪತ್ತಾರಕ್ಕೆ ಸಮಾರಂಭ. ಭಾಷಣ ಬರೆಯಲು ಕೂತೆ. ವಿನಯದಿಂದ ಶುರುಮಾಡಬೇಕು. ವಿನಯ ಎಷ್ಟು ಪುಟ ಇರಬೇಕು?

ಜುಲೈ ೨೩, ಬುಧವಾರ

ಅತ್ತೆಯ ಬಲಗಣ್ಣಿಗೆ ಇಂಜೆಕ್ಷನ್. ಆಸ್ಪತ್ರೆಯ ಒಳಗೆ ಕಾಲಿಟ್ಟರೆ ಗೋಡೆಗೋಡೆಯಲ್ಲೂ ತನ್ವಿ. ಬಿಳಿ ಗೋಡೆ, ಬೂದು ಅಕ್ಷರ. ಫೋನು ತೆಗೆದು ನಾಲ್ಕು ಫೋಟೋ ಹೊಡೆದೆ.

ಅತ್ತೆಯನ್ನು ಒಳಗೆ ಕರೆದ ಮೇಲೆ ಮೊಗಸಾಲೆಯ ಬೆಂಚಿನಲ್ಲಿ ಕೂತೆ. ಒಬ್ಬ ಮುದುಕ ಬಂದು, “ಸ್ವಾಮಿ, ಅಲ್ಲೇನು ಬರೆದಿದೆ ಸ್ವಲ್ಪ ಓದಿ ಹೇಳಿ” ಅಂದ. ಹೇಳಿದೆ. ಅವನ ಹಿಂದೆ ಒಬ್ಬಳು ಹೆಂಗಸು. ಅವಳ ಹಿಂದೆ ಇನ್ನಿಬ್ಬರು. ಒಂದೂವರೆ ಗಂಟೆಯಲ್ಲಿ ಎಷ್ಟು ಜನಕ್ಕೆ ನನ್ನ ಅಕ್ಷರವನ್ನು ನಾನೇ ಓದಿ ಹೇಳಿದೆನೋ! ಕಸ ಗುಡಿಸುವ ಹೆಂಗಸು ಪೊರಕೆ ಊರಿ ನಿಂತು ನಕ್ಕಳು: “ನೀವು ದಿನಾ ಬನ್ನಿ ಸಾರ್. ನಂಗೆ ಗುಡಿಸೋಕೆ ಪುರುಸೊತ್ತು ಸಿಗುತ್ತೆ. ಬೋರ್ಡ್ ಹೊಸದಾದಾಗಿಂದ ಎಲ್ಲಾರೂ ನನ್ನೇ ಕೇಳ್ತಾರೆ.”

ಜನರಿಗೆ ಓದುವ ಅಭ್ಯಾಸವೇ ಹೋಗಿಬಿಟ್ಟಿದೆ. ಈ ವಿಷಯವನ್ನು ಭಾಷಣದಲ್ಲಿ ಸೇರಿಸಬೇಕು.

ಜುಲೈ ೨೬, ಶನಿವಾರ

ಅತ್ತೆ ಆಸ್ಪತ್ರೆಯಲ್ಲಿ. ಬರೆಯಲಾರೆ.

ಜುಲೈ ೨೮, ಸೋಮವಾರ

ಬರೆಯಬೇಕು, ಇಲ್ಲದಿದ್ದರೆ ಇದನ್ನೂ ನನಗೆ ಬೇಕಾದ ಹಾಗೆ ಸುಂದರ ಮಾಡಿಕೊಂಡುಬಿಡುತ್ತೇನೆ.

ಶನಿವಾರ ಮಧ್ಯಾಹ್ನ ಪ್ರಶಸ್ತಿ ಸಮಾರಂಭಕ್ಕೆ ಹೊರಡುವಾಗ ಅತ್ತೆ, “ಕಣ್ಣು ಯಾಕೋ ಸ್ವಲ್ಪ ಚುಚ್ತಿದೆ” ಅಂದರು. ನಾನು ಕನ್ನಡಿಯ ಮುಂದೆ ಕೋಟಿನ ಗುಂಡಿ ಹಾಕಲು ಉಸಿರು ಬಿಗಿಹಿಡಿದಿದ್ದೆ. “ಇಂಜೆಕ್ಷನ್ ಆದಮೇಲೆ ಹಾಗೇ ಅಲ್ವಾ ಅತ್ತೆ, ಮಲಗಿ” ಅಂದೆ. ಗುಂಡಿ ಹಾಕಿಕೊಂಡು ಹೋದೆ. ಸಭಾಂಗಣದಲ್ಲಿ ಫೋನಿನ ಸದ್ದು ಆರಿಸಿದೆ.

ಅಧ್ಯಕ್ಷರು ನನ್ನ ಬಿನ್ನವತ್ತಳೆ ಓದಿದರು. ಅದನ್ನೂ ತನ್ವಿಯಲ್ಲೇ ಅಚ್ಚುಹಾಕಿಸಿದ್ದರು. ‘ಸಾಧಕ’ ಅನ್ನುವುದನ್ನು ‘ಸಾದಕ’ ಅಂದರು, ‘ಧೀಮಂತ’ವನ್ನು ‘ದೀಮಂತ’ ಅಂದರು, ಮೂರನೇ ಸಾಲಿಗೆ ನಿಲ್ಲಿಸಿ ಪಕ್ಕದವರ ಕನ್ನಡಕ ಕೇಳಿದರು. ಜನ ನಕ್ಕರು. ನಾನೂ ನಕ್ಕೆ. ಆ ಹೊತ್ತಿಗೆ ಮನೆಯಲ್ಲಿ ಅತ್ತೆಯ ಕಣ್ಣು ಕೆಂಡವಾಗಿತ್ತು. ಎದುರಿನ ಗೋಡೆ ಮಂಜಾಗುತ್ತಾ ಬಂದಿತ್ತು.

‘ನೋವು ಹೆಚ್ಚಾದರೆ, ದೃಷ್ಟಿ ಮಂಕಾದರೆ ತಕ್ಷಣ ಕರೆಮಾಡಿ’ ಅಂತ ಸೂಚನೆ ಹಾಳೆಯಲ್ಲಿ ಇದೆ. ಕೆಳಗೆ ನಂಬರು. ಅತ್ತೆ ಎಡಗಣ್ಣಿಗೆ ಭೂತಗನ್ನಡಿ ಹಿಡಿದು ಒಂದೊಂದೇ ಅಂಕಿ ಒತ್ತಿದರು. “ಹಾಸಿಗೆ ಅಂಗಡಿ” ಅಂತ ಉತ್ತರ ಬಂತು. ಕ್ಷಮಿಸಿ ಅಂತ ಇಟ್ಟು ಮತ್ತೆ ಒತ್ತಿದರು. ಮತ್ತೆ ಹಾಸಿಗೆ ಅಂಗಡಿ. ಆಮೇಲೆ ನನಗೆ. ನನ್ನ ಫೋನಿನಲ್ಲಿ ಹದಿನಾಲ್ಕು ಕರೆ ಇದ್ದವು. ಹದಿನಾಲ್ಕು.

ಆರಕ್ಕೂ ಒಂಬತ್ತಕ್ಕೂ ತಲೆ ಒಂದೇ ಥರ, ಬಾಲ ತಿರುಗುವ ರೀತಿ ಬೇರೆ: ೬, ೯. ಆ ಬಾಲವನ್ನು ನಾನು ಗಾಳಿ ಬೀಸಿದರೆ ಹಾರಿಹೋಗುವ ಹಾಗೆ ಬರೆದಿದ್ದೆ. ಸಣ್ಣ ಗಾತ್ರದಲ್ಲಿ ಅಚ್ಚಾದಾಗ ಅದು ನಿಜವಾಗಿಯೂ ಹಾರಿಹೋಗಿತ್ತು. ‘ಎಲ್ಲ ಸರಿ’ ಅಂತ ಬರೆದುಕೊಟ್ಟವನೂ ನಾನೇ.

ಮೂರನೇ ಸಲ ಅತ್ತೆಯ ದನಿ ಕೇಳಿದಾಗ ಹಾಸಿಗೆ ಅಂಗಡಿಯವನು ಫೋನ್ ಇಡಲು ಬಿಡಲಿಲ್ಲವಂತೆ. “ಅಮ್ಮಾ, ಕಣ್ಣಾಸ್ಪತ್ರೆಗೆ ಮಾಡ್ತಿದ್ದೀರಾ? ಅದು ಆರಲ್ಲ, ಒಂಬತ್ತು. ನಿಮ್ಮ ಹತ್ರ ಯಾರೂ ಇಲ್ವಾ? ವಿಳಾಸ ಹೇಳಿ.” ಆಸ್ಪತ್ರೆಗೆ ತಾನೇ ಕರೆ ಮಾಡಿ, ಹಾಸಿಗೆ ತುಂಬಿದ್ದ ಗಾಡಿಯನ್ನು ನಮ್ಮ ಮನೆ ಮುಂದೆ ತಂದು, ಅತ್ತೆಯನ್ನು ತನ್ನ ಪಕ್ಕ ಕೂರಿಸಿಕೊಂಡು ಹೋಗಿದ್ದಾನೆ. ನಾನು ಆಸ್ಪತ್ರೆ ಮುಟ್ಟಿದಾಗ ಅವನು ಮೊಗಸಾಲೆಯಲ್ಲಿ ಅತ್ತೆಯ ಚಪ್ಪಲಿ ಕೈಯಲ್ಲಿ ಹಿಡಿದು ಕೂತಿದ್ದ. ನನ್ನ ಕೈಯಲ್ಲಿ ಪ್ರಶಸ್ತಿ ಫಲಕ ಇತ್ತು.

“ನೀವು ಮಗನಾ?” ಅಂದ.

“ಅಳಿಯ.”

“ಹಂಗಾ” ಅಂದ. ಅಷ್ಟೇ ಅಂದದ್ದು. ಅವನು ಬೈದಿದ್ದರೆ ಎಷ್ಟೋ ಸಲೀಸಾಗಿತ್ತು.

ಕಣ್ಣೊಳಗೆ ಸೋಂಕು. ಕೀವು ತೆಗೆದು ಔಷಧಿ ಹಾಕಿದ್ದಾರೆ. “ಒಂದು ಗಂಟೆ ಮುಂಚೆ ಬಂದಿದ್ದರೆ?” ಅಂತ ಡಾಕ್ಟರನ್ನು ಕೇಳಿದೆ. “ಅದು ಹೇಳೋಕಾಗಲ್ಲ. ಒಂದು ಗಂಟೆ ತಡವಾಗಿದ್ದರೆ ಏನಾಗ್ತಿತ್ತು ಅಂತ ಬೇಕಾದರೆ ಹೇಳ್ತೀನಿ” ಅಂದರು.

ನಾನು ಕೇಳಲಿಲ್ಲ.

ಆಗಸ್ಟ್ ೨, ಶನಿವಾರ

ಅತ್ತೆ ಮನೆಗೆ ಬಂದರು. ಕಣ್ಣು ಉಳಿದಿದೆ. ಬಲಗಣ್ಣಿಗೆ ಬೆಳಕು ಗೊತ್ತಾಗುತ್ತದೆ, ಮುಂದೆ ಕೈ ಆಡಿಸಿದರೆ ಗೊತ್ತಾಗುತ್ತದೆ. ಅದರಲ್ಲಿ ಇನ್ನು ಓದಲು ಆಗುವುದಿಲ್ಲ. ಎಡಗಣ್ಣು ಮೊದಲಿನಷ್ಟೇ.

ಹೆಂಡತಿ ಸೋಮವಾರವೇ ಓಡಿಬಂದಿದ್ದಳು, ಇವತ್ತು ಹಿಂದಕ್ಕೆ ಹೋದಳು. ಹೋಗುವಾಗ ಔಷಧಿ ಕೊಡುವ ಹೊತ್ತುಗಳನ್ನು ದೊಡ್ಡ ಅಕ್ಷರದಲ್ಲಿ ಕೈಯಾರೆ ಬರೆದು ಗೋಡೆಗೆ ಅಂಟಿಸಿದಳು. ಹದಿನೆಂಟು ವರ್ಷದ ಸಂಸಾರದಲ್ಲಿ ಅವಳು ನನ್ನ ಅಕ್ಷರ ಬಿಟ್ಟು ಕೈಬರಹ ಹಿಡಿದದ್ದು ಇದೇ ಮೊದಲು.

ಅತ್ತೆಯ ಮಂಚದ ಪಕ್ಕ ಕೂತು ಎಲ್ಲ ಒಪ್ಪಿಸಿದೆ. ಹಾಳೆಯ ಅಂಕಿ ನನ್ನದು, ನೋಡಿ ಸರಿ ಅಂದವನು ನಾನು, ಫೋನ್ ಆರಿಸಿದವನು ನಾನು. ಮಾತು ಮುಗಿಯುವ ಮೊದಲೇ ಅಳು ಬಂತು. ಈ ಗಾತ್ರದ ಮನುಷ್ಯ ಅತ್ತರೆ ಮಂಚವೂ ಅಲ್ಲಾಡುತ್ತದೆ.

ಅತ್ತೆ ನನ್ನ ಕಡೆ ಮುಖ ತಿರುಗಿಸಿದರು. “ಅಂಕಿ ನಿಂದು ಅಂತ ಅವತ್ತೇ ಗೊತ್ತಾಯ್ತು. ಬೈದ್ಕೊಂಡೆ, ಇಲ್ಲ ಅನ್ನಲ್ಲ. ಹಾಸಿಗೆ ಗಾಡೀಲಿ ಹೋಗ್ತಾ ದಾರಿಯುದ್ದಕ್ಕೂ ಬೈದ್ಕೊಂಡೆ.”

“ಬೈಯಿರಿ ಅತ್ತೆ.”

“ಆಯ್ತಲ್ಲ, ಮತ್ತೇನು ಎರಡು ಸಲ?” ಆಮೇಲೆ ಹೇಳಿದರು: “ಕೆಲಸಕ್ಕೆ ಸೇರಿದ ಎರಡನೇ ವರ್ಷ. ಬದುಕಿರೋ ಮನುಷ್ಯನ ಹೆಸರು ಸತ್ತವರ ಪಟ್ಟೀಲಿ ಹೋಯ್ತು. ನಾನು ನೋಡಿದ ಪುಟ. ಅವನ ತಾಯಿ ಪತ್ರಿಕೆ ಓದಿ ಅಲ್ಲೇ ಬಿದ್ದು ಸೊಂಟ ಮುರ್ಕೊಂಡ್ರು. ಅವರ ಮನೆ ಬಾಗಿಲಿಗೆ ಹೋಗಿ ಅತ್ತುಬಿಟ್ಟೆ. ಆ ತಾಯಿ ಮಲಗಿದ್ದಲ್ಲಿಂದಲೇ ಕೇಳಿದ್ರು, ನೀನು ಅತ್ರೆ ನಾಳೆ ಪತ್ರಿಕೇಲಿ ತಪ್ಪು ಬರಲ್ವಾ ಅಂತ. ಅವತ್ತಿಂದ ಹೆಸರಿದ್ದ ಕಡೆ ಅಕ್ಷರಕ್ಕೊಂದು ಸಲ ಬೆರಳಿಟ್ಟು ಓದೋದು ಕಲಿತೆ.”

ಮಗ್ಗುಲಿಗೆ ತಿರುಗಿ ಮಲಗಿದರು. “ಮುಖ ತೊಳ್ಕೊಂಡು ಬಾ. ಚಹಾ ಮಾಡು. ಸಕ್ಕರೆ ಸರಿಯಾಗಿ ಹಾಕು.”

ಆಗಸ್ಟ್ ೧೧, ಸೋಮವಾರ

ಹಾಸಿಗೆ ಅಂಗಡಿಗೆ ಹೋಗಿದ್ದೆ. ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಖುಗಳ ಪಕ್ಕ ಪೆನ್ಸಿಲ್ ಗೀಟುಗಳು. “ಕಣ್ಣಿನವರ ಕರೆ” ಅಂದ. ಆಸ್ಪತ್ರೆಯ ಹಾಳೆ ಬದಲಾದ ದಿನದಿಂದ ನಲವತ್ತಮೂರು. “ಎರಡು ಸಲ ಆಸ್ಪತ್ರೆಗೆ ಹೇಳಿದೆ. ನಮ್ಮ ನಂಬರು ಸರಿಯಾಗೇ ಇದೆ ಅಂದ್ರು.”

ಕ್ಯಾಲೆಂಡರನ್ನೂ ಅವನನ್ನೂ ಕರೆದುಕೊಂಡು ಆಡಳಿತಾಧಿಕಾರಿಯ ಕೋಣೆಗೆ ಹೋದೆ. ತನ್ವಿಯನ್ನು ತೆಗೆಯಿರಿ ಅಂದೆ.

ಅವರು ನಕ್ಕರು. “ಏನ್ ಸಾರ್ ನೀವು, ನಿಮ್ಮ ಫಾಂಟಿಗೆ ಪ್ರಶಸ್ತಿ ಬಂದಿದೆ. ಬಂದವರೆಲ್ಲ ಗೋಡೆ ಎಷ್ಟು ಚೆನ್ನಾಗಿದೆ ಅಂತಾರೆ.”

“ಬಂದವರು ಅಂದ್ರೆ ಕಣ್ಣು ಚೆನ್ನಾಗಿರೋರು ಮೇಡಂ.”

“ಎಲ್ಲ ಸರಿ ಅಂತ ನೀವೇ ಬರೆದುಕೊಟ್ಟಿದ್ದೀರಿ.”

“ಹೌದು. ತಪ್ಪು ಮಾಡಿದೆ.”

ಇಷ್ಟು ಸಣ್ಣ ಮಾತು ಬಾಯಿಂದ ಹೊರಬರಲು ನಲವತ್ತೊಂಬತ್ತು ವರ್ಷ ಬೇಕಾಯಿತು. ಹಾಸಿಗೆಯವನು ಕ್ಯಾಲೆಂಡರನ್ನು ಮೇಜಿನ ಮೇಲೆ ಹರಡಿ, ಜುಲೈ ಇಪ್ಪತ್ತಾರರ ಪಕ್ಕದ ಮೂರು ಗೀಟಿನ ಮೇಲೆ ಬೆರಳಿಟ್ಟ. “ಇದು ಇವರತ್ತೆ. ಉಳಿದ ನಲವತ್ತು ಯಾರೋ ಏನೋ. ಅವರ ಕಣ್ಣು ಏನಾಯ್ತೋ ನಂಗೆ ಗೊತ್ತಿಲ್ಲ ಮೇಡಂ.”

ಆಡಳಿತಾಧಿಕಾರಿ ಬಹಳ ಹೊತ್ತು ಆ ಗೀಟುಗಳನ್ನೇ ನೋಡಿದರು. ಸೂಚನೆ ಹಾಳೆ ಇವತ್ತೇ ವಾಪಸ್ ತೆಗೆಯುತ್ತಾರೆ. ಬೋರ್ಡಿಗೆ ಬೇರೆ ಅಕ್ಷರ ಕೊಟ್ಟರೆ ನೋಡೋಣ ಅಂದರು.

ಆಗಸ್ಟ್ ೩೦, ಶನಿವಾರ

ಹತ್ತೊಂಬತ್ತು ದಿನದಿಂದ ಇದೇ ಕೆಲಸ. ಬೆಳಿಗ್ಗೆ ಅತ್ತೆ ಕಿಟಕಿಗೆ ಬೆನ್ನುಹಾಕಿ ಕೂರುತ್ತಾರೆ. ನಾನು ಎದುರಿನ ಗೋಡೆಗೆ ಹಾಳೆ ಅಂಟಿಸುತ್ತೇನೆ. ಅವರು ಓದುತ್ತಾರೆ, ಎಡವುತ್ತಾರೆ, ನಾನು ಹೋಗಿ ಗೆರೆ ದಪ್ಪ ಮಾಡಿಕೊಂಡು ಬರುತ್ತೇನೆ.

“ಇದು ಘ.”

“ಫ, ಅತ್ತೆ.”

“ನೀನು ಹೇಳಬೇಡ. ಅಕ್ಷರ ಹೇಳಲಿ.”

ಹೊಟ್ಟೆಗೂ ತಿರುವಿಗೂ ಈಗ ಅಂಥ ವ್ಯತ್ಯಾಸವಿಲ್ಲ. ‘ಧ’ದ ಸೀಳು ಬಾಗಿಲಿನ ಸಂದಿನಷ್ಟಿದೆ. ಒಂಬತ್ತರ ಬಾಲ ದನದ ಬಾಲದ ಹಾಗೆ ಬೀಸುತ್ತದೆ. ಚೂಪು ಪಾದಗಳನ್ನು ಮೊಂಡು ಮಾಡಿದ ದಿನ ಹಳೆಯವುಗಳ ಒಂದು ಪ್ರತಿ ಗುಟ್ಟಾಗಿ ತೆಗೆದಿಟ್ಟುಕೊಂಡೆ, ಸುಳ್ಳು ಹೇಳಬಾರದು. ಹೆಸರೇನಿಡಲಿ ಅಂತ ಅತ್ತೆಯನ್ನು ಕೇಳಿದೆ. “ಗುಂಡಕ್ಕ” ಅಂದರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆಮೇಲೆ ಅವರ ಬಲಗಣ್ಣನ್ನು ಒರೆಸಬಾರದು ಅಂತ ನೆನಪಾಗಿ ಹತ್ತಿ ಹುಡುಕಿದ್ದೇ ಹುಡುಕಿದ್ದು.

ಹೆಂಡತಿ ಫೋನಿನಲ್ಲಿ ಹಿನ್ನೆಲೆಯ ನಗು ಕೇಳಿ, “ಯಾರದು?” ಅಂದಳು. “ಅಮ್ಮ” ಅಂದೆ. “ಏನಂದೆ? ಇನ್ನೊಂದ್ಸಲ ಹೇಳು” ಅಂದಳು.

ಯಾವುದೋ ಪ್ರದರ್ಶನಕ್ಕೆ ತನ್ವಿಯನ್ನು ಕಳಿಸಿ ಅಂತ ಹೊರದೇಶದಿಂದ ಪತ್ರ ಬಂದಿದೆ. ಉತ್ತರ ಬರೆಯಬೇಕು. ಅತ್ತೆಯ ಕನ್ನಡಕದ ಕಡ್ಡಿ ಸಡಿಲವಾಗಿದೆ, ಮೊದಲು ಅದು.

ಸೆಪ್ಟೆಂಬರ್ ೧೯, ಶುಕ್ರವಾರ

ಮೊಗಸಾಲೆಗೆ ಗುಂಡಕ್ಕ ಬಂದಳು. ಬಿಳಿಯ ಮೇಲೆ ಕಪ್ಪು. ಬೆಂಚಿನಲ್ಲಿ ಒಂದು ಗಂಟೆ ಕೂತೆ. ಒಬ್ಬರೂ ನನ್ನ ಹತ್ತಿರ ಬರಲಿಲ್ಲ, ಒಬ್ಬರೂ ಗೋಡೆ ಚೆನ್ನಾಗಿದೆ ಅನ್ನಲಿಲ್ಲ. ತಲೆಯೆತ್ತಿ ನೋಡಿದರು, ತಿರುಗಿ ಹೋಗಬೇಕಾದ ಕಡೆ ಹೋದರು.

ಅಕ್ಷರ ಬರೆಯುವವನ ಬದುಕು ಇಷ್ಟೇ ನೋಡಿ. ಒಳ್ಳೆಯ ಕೆಲಸ ಮಾಡಿದ ದಿನ ಕೇಳುವವರಿಲ್ಲ.

ಅಕ್ಟೋಬರ್ ೬, ಸೋಮವಾರ

ಸೋಂಕಾದ ಮೇಲೆ ನಿಲ್ಲಿಸಿದ್ದ ಇಂಜೆಕ್ಷನ್ ಇವತ್ತು ಎಡಗಣ್ಣಿಗೆ ಮತ್ತೆ ಶುರು. ಹಿಂದಿನ ಸಲದ ಹೆದರಿಕೆ ಇಬ್ಬರಿಗೂ ಇತ್ತು. ಇಬ್ಬರೂ ಹವಾಮಾನದ ಬಗ್ಗೆ ಮಾತಾಡಿದೆವು. ಒಪ್ಪಿಗೆ ಪತ್ರವನ್ನು ನಾನು ತುಂಬಿದೆ. ಕೌಂಟರಿನಲ್ಲಿ ಕೊಡಲು ಹೋದರೆ ಅತ್ತೆ ಕೈ ಹಿಡಿದರು. “ಪ್ರೂಫ್ ನೋಡದೆ ಏನೂ ಕೊಡಬಾರದು.”

ಭೂತಗನ್ನಡಿ ಹಿಡಿದು, ಅಕ್ಷರಕ್ಕೊಂದು ಸಲ ಬೆರಳಿಟ್ಟು, ಮೇಲಿಂದ ಕೆಳಗೆ ತಾವೇ ಓದಿದರು. ಹಿಂದೆ ಸಾಲು ಬೆಳೆಯಿತು. ಬೆರಳು ‘ರೋಗಿಗೆ ಸಂಬಂಧ’ ಅನ್ನುವ ಕಡೆ ಬಂದು ನಿಂತಿತು.

ನಾನೂ ಬಗ್ಗಿ ನೋಡಿದೆ. ‘ಮಗ’ ಅಂತ ಬರೆದಿದ್ದೆ. ಅವಸರದಲ್ಲಿ ಬರೆದದ್ದು, ಫಾರಂ ತುಂಬುವಾಗ ಯಾರು ಯೋಚಿಸುತ್ತಾರೆ? ಪೆನ್ನು ತೆಗೆದು ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ‘ಅಳಿಯ’ ಅಂತ ಬರೆದೆ.

ಅತ್ತೆ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡರು. ತಡವಿ ಜಾಗ ಹುಡುಕಿ, ನಾನು ಹೊಡೆದುಹಾಕಿದ್ದ ಪದದ ಕೆಳಗೆ ಸಾಲಾಗಿ ಮೂರು ಚುಕ್ಕಿ ಇಟ್ಟರು. ‘ಅಳಿಯ’ವನ್ನು ಒಂದೇ ಗೆರೆಯಲ್ಲಿ ತೆಗೆದರು. ಫಾರಂ ಕೌಂಟರಿನೊಳಗೆ ತಳ್ಳಿದರು.

ಕೌಂಟರಿನ ಹುಡುಗಿ ತಿರುಗಿಸಿ ಮುರುಗಿಸಿ ನೋಡಿದಳು. “ಇದೇನಮ್ಮ, ಚುಕ್ಕಿ ಚುಕ್ಕಿ?”

“ಅಚ್ಚುಮನೆ ಗುರುತು ಕಣಮ್ಮ” ಅಂದರು ಅತ್ತೆ. “ಹೊಡೆದಿದ್ದು ತಪ್ಪು, ಮೊದಲು ಬರೆದಿದ್ದೇ ಇರಲಿ ಅಂತ.”